ಗೂಡುಪೆಟ್ಟಿಗೆ ತೊಳೆಯಬೇಕಾ? ತೊಳೆಯುವುದಾದರೆ ಯಾವಾಗ, ಹೇಗೆ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಮನೆ ಸುತ್ತ ಹಕ್ಕಿಗಳಿಗೆ ಅಂತ ಮೂರು ಮರದ ಪೆಟ್ಟಿಗೆ ಕಟ್ಟಿದ್ದೇವೆ. ಹಲಸಿನ ಮರದ ಪೆಟ್ಟಿಗೆಯಲ್ಲಿ ಮಡಿವಾಳ ಹಕ್ಕಿ ಮರಿ ಮಾಡಿತ್ತು. ಮೇ ತಿಂಗಳಲ್ಲಿ ಮರಿಗಳು ಹಾರಿಹೋದವು, ಎರಡು ಮೊಟ್ಟೆ ಮಾತ್ರ ಹಾಗೇ ಉಳಿದಿವೆ. ಸೂರಿನ ಕೆಳಗಿನ ಪೆಟ್ಟಿಗೆಗೆ ಗುಬ್ಬಚ್ಚಿಗಳು ಈ ಸೆಪ್ಟೆಂಬರ್ ಕೊನೆಯಲ್ಲೂ ಬಂದು ಹೋಗುತ್ತಿವೆ. ಮೂರನೆಯದರಲ್ಲಿ ತುಡುವೆ ಜೇನು ಕೂತಿದೆ. ಹಳೇ ಗೂಡು ತೆಗೆದು ಪೆಟ್ಟಿಗೆ ತೊಳೆಯಬೇಕು ಅಂತ ವಿದೇಶದ ವಿಡಿಯೊ ಒಂದರಲ್ಲಿ ನೋಡಿದೆ. ನಮ್ಮ ಯಜಮಾನರು ಸ್ವಲ್ಪ ಔಷಧಿ ಹೊಡೆದರೆ ಸಾಕು ಅಂತಾರೆ. ಅತ್ತೆಯವರು ಗೂಡು ಕೀಳಲೇಬಾರದು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಹಕ್ಕಿ ಇರುವ ಗೂಡಿಗೆ ಕೈ ಹಾಕಬಾರದು ಅನ್ನುವುದು ನೂರಕ್ಕೆ ನೂರು ಸರಿ. ಕಾನೂನೂ ಅದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ಹಾಳುಮಾಡುವುದು, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದು ಬೇಟೆಯ ಲೆಕ್ಕಕ್ಕೇ ಬರುತ್ತದೆ. ಆದರೆ ಮರಿ ಹಾರಿ, ತಾಯಿ ತಂದೆ ಎರಡೂ ಬಿಟ್ಟುಹೋದ ಗೂಡಿನ ವಿಷಯ ಬೇರೆ. ಮಡಿವಾಳ ಹಕ್ಕಿಗೆ ಗೂಡು ಅಂದರೆ ಮರಿ ಸಾಕುವ ಜಾಗ ಅಷ್ಟೇ. ಮರಿ ಹೊರಟ ಮೇಲೆ ಆ ಹುಲ್ಲು ನಾರಿನ ರಾಶಿ ಅದಕ್ಕೆ ಬೇಕಾಗಿಲ್ಲ. ಮುಂದಿನ ವರ್ಷ ಅದೇ ಪೆಟ್ಟಿಗೆಗೆ ಬಂದರೂ ಹೊಸದಾಗಿಯೇ ಗೂಡು ಕಟ್ಟುತ್ತದೆ.

ಕಾಡಿನಲ್ಲಿ ಯಾರು ತೊಳೆಯುತ್ತಾರೆ ಅಂತ ಅತ್ತೆ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕುಟ್ರು ಹಕ್ಕಿ, ಮರಕುಟಿಗ ಒಣಗಿದ ಕೊಂಬೆಯಲ್ಲಿ ತಾವೇ ಪೊಟರೆ ಕೊರೆಯುತ್ತವೆ. ಅವು ಬಿಟ್ಟ ಪೊಟರೆಗೆ ಮಡಿವಾಳ, ಚೇಕಡಿ, ಗೊರವಂಕ ಸೇರಿಕೊಳ್ಳುತ್ತವೆ. ಒಂದು ಪೊಟರೆಯಲ್ಲಿ ಹೇನು, ಚಿಗಟ ಜಾಸ್ತಿಯಾದರೆ ಪಕ್ಕದ ಮರಕ್ಕೆ ಹೋದರಾಯಿತು. ಹಳೇ ಗೂಡಿನ ಕಸವನ್ನು ಇರುವೆ, ಹುಳುಗಳು ನಿಧಾನಕ್ಕೆ ತಿಂದು ಪುಡಿಮಾಡುತ್ತವೆ. ನಮ್ಮ ತೋಟಗಳಲ್ಲಿ ಆ ಅನುಕೂಲ ಎಲ್ಲಿದೆ? ಹಳೇ ನಂದಿ, ಮತ್ತಿ, ಅತ್ತಿ ಮರ ಹೋಗಿ ಸಿಲ್ವರ್ ಓಕ್ ಮರ ಬಂದ ಕಡೆ ಪೊಟರೆಯೇ ಸಿಗುವುದಿಲ್ಲ. ಹಾಗಾಗಿ ಹಕ್ಕಿ ಪ್ರತಿ ವರ್ಷ ನಾವು ಕಟ್ಟಿದ ಅದೇ ಪೆಟ್ಟಿಗೆಗೆ ಬರುತ್ತದೆ. ಬೇರೆ ದಾರಿ ಇಲ್ಲದ್ದಕ್ಕೆ ಬರುತ್ತದೆ. ಹೀಗಿರುವಾಗ ಪೆಟ್ಟಿಗೆ ಕಟ್ಟಿದವರ ಮೇಲೆ ಅದನ್ನು ಚೊಕ್ಕಟವಾಗಿ ಇಡುವ ಹೊಣೆಯೂ ಇದೆ ಅಂತ ನಾನು ನಂಬುತ್ತೇನೆ.

ಹಳೇ ಗೂಡು ತೆಗೆಯುವುದರಿಂದ ಎಷ್ಟು ಲಾಭ ಅಂತ ಹೊರದೇಶಗಳಲ್ಲಿ ಸಾಕಷ್ಟು ಅಧ್ಯಯನ ಆಗಿದೆ. ಉತ್ತರ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ಕೆಲವು ಹಕ್ಕಿಗಳು ಹಳೇ ಗೂಡಿರುವ ಪೆಟ್ಟಿಗೆಯನ್ನೇ ಆರಿಸಿಕೊಂಡದ್ದೂ ಉಂಟು. ಆದರೆ ಆ ಊರುಗಳಲ್ಲಿ ಕೊಡಗಿನ ಮಳೆ ಇಲ್ಲ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ ಮಾಸ (ಜುಲೈ–ಆಗಸ್ಟ್) ಮುಗಿದರೂ ಬಿಡುವುದಿಲ್ಲ. ಒಳಗಿರುವ ನಾರು, ಎಲೆ, ಮರಿಗಳ ಹಿಕ್ಕೆ ಎಲ್ಲ ಸೇರಿ ನೀರು ಹೀರಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತವೆ. ಅದರಲ್ಲಿ ಬೂಷ್ಟು ಬೆಳೆಯುತ್ತದೆ. ಆ ಬೂಷ್ಟಿನ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಹಕ್ಕಿಮರಿಯ ಶ್ವಾಸಕೋಶಕ್ಕೂ ಕೆಟ್ಟದ್ದು, ನಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು. ಪೆಟ್ಟಿಗೆಯ ತಳದ ನೀರು ಬಸಿಯುವ ತೂತುಗಳೂ ಅದೇ ಕಸದಿಂದ ಕಟ್ಟಿಕೊಳ್ಳುತ್ತವೆ. ಆಮೇಲೆ ಹಲಗೆ ಕೊಳೆಯುವುದಕ್ಕೆ ಎರಡು ಮಳೆಗಾಲ ಸಾಕು.

ಇನ್ನೊಂದು ಕಾರಣ ಎತ್ತರ. ಹಳೇ ಗೂಡಿನ ಮೇಲೆ ಹೊಸದು, ಅದರ ಮೇಲೆ ಇನ್ನೊಂದು ಅಂತ ಏರುತ್ತಾ ಹೋದರೆ ಮರಿಗಳು ಬಾಗಿಲ ಸಮಕ್ಕೇ ಬಂದುಬಿಡುತ್ತವೆ. ಕಾಗೆ, ಮಟಪಕ್ಷಿ, ಕೆಂಬೂತಕ್ಕೆ ಕೊಕ್ಕು ಹಾಕಿದರೆ ಸಿಗುವ ಹಾಗೆ. ಮನೆ ಬೆಕ್ಕಿಗೂ ಪಂಜ ತೂರಿಸಿದರೆ ಸಾಕು. ಬಾಗಿಲಿಂದ ಗೂಡಿನ ಮೇಲ್ಮೈಗೆ ಒಂದು ಗೇಣಿನಷ್ಟಾದರೂ ಆಳ ಇರಬೇಕು.

ಈಗ ಯಾವಾಗ ಅನ್ನುವ ವಿಷಯ. ವಿಡಿಯೊದಲ್ಲಿ ಹೇಳಿದ ತಿಂಗಳನ್ನು ದಯವಿಟ್ಟು ಮರೆತುಬಿಡಿ. ಯುರೋಪಿನವರು ಚಳಿಗಾಲಕ್ಕೆ ಮುಂಚೆ ಮಾಡುವ ಕೆಲಸ ಅದು. ಅವರಿಗೆ ಮರಿ ಮಾಡುವ ಕಾಲ ಒಂದೇ ಬೇಸಿಗೆ. ಕೊಡಗಿನಲ್ಲಿ ಮಡಿವಾಳ ಹಕ್ಕಿಗಳು ಹೆಚ್ಚಾಗಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವ ಹೊತ್ತಿಗೆ ಹಾಡು ಶುರುಮಾಡಿ, ಮುಂಗಾರು ಬಲವಾಗಿ ಹಿಡಿಯುವ ತನಕ ಮರಿ ಮಾಡುತ್ತವೆ. ಮೊದಲ ಮರಿಗಳು ಹಾರಿದ ಮೇಲೆ ಅದೇ ಜೋಡಿ ಮತ್ತೆ ಮೊಟ್ಟೆ ಇಡುವುದುಂಟು. ಗುಬ್ಬಚ್ಚಿಗಂತೂ ಹೆಚ್ಚುಕಮ್ಮಿ ವರ್ಷವಿಡೀ ಸಂಸಾರ. ಅದಕ್ಕೇ ಕ್ಯಾಲೆಂಡರ್ ನೋಡಿ ಕೆಲಸ ಮಾಡುವ ಹಾಗಿಲ್ಲ. ನೋಡಬೇಕಾದ್ದು ಎರಡೇ. ಪೆಟ್ಟಿಗೆ ಖಾಲಿ ಇದೆಯಾ? ತೊಳೆದ ಮೇಲೆ ಒಣಗಿಸಲು ಬಿಸಿಲು ಸಿಗುತ್ತದಾ?

ಎರಡೂ ಒಟ್ಟಿಗೆ ಸಿಗುವ ಕಾಲ ನಮ್ಮಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಬಿಡುವು ಕೊಟ್ಟ ಮೇಲೆ ಬರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಹುತ್ತರಿ ಹಬ್ಬದ (ನವೆಂಬರ್ ಕೊನೆ, ಡಿಸೆಂಬರ್) ತನಕ ಅಂತ ಇಟ್ಟುಕೊಳ್ಳಿ. ಕಾವೇರಿ ಸಂಕ್ರಮಣದ (ಅಕ್ಟೋಬರ್ ಮಧ್ಯ) ಆಸುಪಾಸಿನಲ್ಲಿ ಮಧ್ಯಾಹ್ನ ಗುಡುಗು ಮಳೆ ಬರುವುದು ಮಾಮೂಲು. ಆದರೆ ಬೆಳಗಿನ ಬಿಸಿಲು ಚೆನ್ನಾಗಿರುತ್ತದೆ. ಆಗ ಕಾಫಿ ಕಣವೂ ಖಾಲಿ. ಕುಯ್ಲು ಶುರುವಾದರೆ ಕಣಕ್ಕೂ ನಿಮಗೂ ಪುರುಸೊತ್ತು ಇರುವುದಿಲ್ಲ. ನೀವು ಸರಿಯಾದ ಹೊತ್ತಿಗೇ ಕೇಳಿದ್ದೀರಿ. ಭಾಗಮಂಡಲ, ನಾಪೋಕ್ಲು ಕಡೆಯವರು ಬೇಕಾದರೆ ಸ್ವಲ್ಪ ತಡಮಾಡಲಿ, ಕುಶಾಲನಗರ ಕಡೆಯವರಿಗೆ ಬಿಸಿಲು ಬೇಗ ಸಿಗುತ್ತದೆ.

ಹಲಸಿನ ಮರದ ಪೆಟ್ಟಿಗೆಯಿಂದ ಶುರುಮಾಡಿ. ಮೊದಲು ಅದು ನಿಜವಾಗಿ ಖಾಲಿಯಾ ಅಂತ ನೋಡಿ. ಒಂದೆರಡು ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ದೂರದಲ್ಲಿ ಕೂತು ಗಮನಿಸಿ. ಹಕ್ಕಿ ಬಾಯಲ್ಲಿ ಹುಳ ಹಿಡಿದು ಒಳಗೆ ಹೋದರೆ, ಅಥವಾ ಬಿಳೀ ಹಿಕ್ಕೆ ಉಂಡೆ ಕಚ್ಚಿಕೊಂಡು ಹೊರಗೆ ಬಂದರೆ ಒಳಗೆ ಮರಿ ಇದೆ ಎಂದೇ ಅರ್ಥ. ಬಾಗಿಲಿಗೆ ಅಡ್ಡವಾಗಿ ಜೇಡರ ಬಲೆ ಕಟ್ಟಿದ್ದರೆ ಯಾರೂ ಓಡಾಡುತ್ತಿಲ್ಲ. ಉಳಿದ ಎರಡು ಮೊಟ್ಟೆ ಬಗ್ಗೆ ನಿಮಗೆ ಅಳುಕು ಇದೆ, ಅಲ್ವಾ? ಮಡಿವಾಳ ಹಕ್ಕಿ ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ ಇಡುತ್ತದೆ. ಹೆಣ್ಣೊಂದೇ 12–14 ದಿನ ಕಾವು ಕೊಡುತ್ತದೆ. ಮೇ ತಿಂಗಳ ಮೊಟ್ಟೆ ಈಗ ಮರಿಯಾಗುವ ಮಾತೇ ಇಲ್ಲ. ಕೆಲವು ಮೊಟ್ಟೆ ಫಲ ಕಟ್ಟದೇ ಇರುತ್ತವೆ, ಕೆಲವು ಒಳಗೇ ಸಾಯುತ್ತವೆ. ಹಕ್ಕಿಲೋಕದಲ್ಲಿ ಅದು ಸಹಜ. ಆ ಮೊಟ್ಟೆಗಳನ್ನು ಅಲ್ಲಾಡಿಸಬೇಡಿ, ಕೊಳೆತಿದ್ದರೆ ಕೈಯಲ್ಲೇ ಒಡೆದು ಭಾರೀ ನಾರುತ್ತವೆ. ಚೆಂದ ಇವೆ ಅಂತ ಶೋಕೇಸಿನಲ್ಲಿ ಇಡುವುದೂ ಬೇಡ. ಗೂಡಿನ ಜೊತೆಗೇ ಹೂಳಿಬಿಡಿ.

ಏಣಿ ವಿಷಯ ಹೇಳದೆ ಮುಂದೆ ಹೋಗಲಾರೆ. ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ ಮನೆಯಲ್ಲಿದ್ದರೆ ಈ ಕೆಲಸಕ್ಕೆ ತರಬೇಡಿ. ಆ ಏಣಿ ಕರೆಂಟ್ ತಂತಿಗೆ ತಾಗಿ ಪ್ರಾಣ ಹೋದ ಸುದ್ದಿಯನ್ನು ಕೊಡಗಿನಲ್ಲಿ ನಾವು ಎಷ್ಟು ಸಲ ಓದಿಲ್ಲ! ಬಿದಿರಿನ ಏಣಿ ಸಾಕು, ಕೆಳಗೆ ಒಬ್ಬರು ಹಿಡಿದು ನಿಲ್ಲಲೇಬೇಕು. ಮಳೆಗಾಲ ಮುಗಿದ ಹೊಸತರಲ್ಲಿ ಹಲಸಿನ ಬೊಡ್ಡೆಯ ಮೇಲೆ ಪಾಚಿ ಇರುತ್ತದೆ, ಕಾಲು ಜಾರುತ್ತದೆ. ಮುಚ್ಚಳ ತೆಗೆಯುವ ಮುಂಚೆ ಕೋಲಿನಿಂದ ಎರಡು ಸಲ ತಟ್ಟಿ, ಸ್ವಲ್ಪ ಹೊತ್ತು ಕಾಯಿರಿ. ಮುಖವನ್ನು ಬಾಗಿಲಿಗೆ ನೇರ ಹಿಡಿಯಬೇಡಿ. ಮಳೆಗೆ ಬೆಚ್ಚಗಿನ ಜಾಗ ಹುಡುಕುತ್ತಾ ಜರಿ, ಚೇಳು, ಕಣಜ, ಇಲಿ ಒಳಗೆ ಸೇರಿರಬಹುದು. ಹಾವೂ ಇರಬಹುದು. ಹಾವು ಕಂಡರೆ ಮುಚ್ಚಳ ಹಾಗೇ ಬಿಟ್ಟು ಕೆಳಗೆ ಇಳಿಯಿರಿ, ಹಾವು ಹಿಡಿಯುವವರನ್ನು ಕರೆಯಿರಿ. ಮರಗಪ್ಪೆಯೋ ಬಾವಲಿಯೋ ಇದ್ದರೆ ಆ ಪೆಟ್ಟಿಗೆಯನ್ನು ಸದ್ಯಕ್ಕೆ ಅವುಗಳಿಗೇ ಬಿಡಿ.

ಏನೂ ಇಲ್ಲ ಅಂತ ಖಾತ್ರಿಯಾದರೆ ಪೆಟ್ಟಿಗೆಯನ್ನೇ ಬಿಚ್ಚಿ ಕೆಳಗೆ ತನ್ನಿ. ಮೂಗು ಬಾಯಿಗೆ ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಇಲಿ ಓಡಾಡಿದ ಜಾಗ ಆಗಿದ್ದರೆ ಗ್ಲೌಸ್ ಬಿಡಲೇಬೇಡಿ, ಅದರ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಕೈಯಲ್ಲಿ ಗಾಯ ಇದ್ದರೆ ಈ ಕೆಲಸ ಬೇರೆಯವರಿಗೆ ಕೊಡಿ. ಒಣಗಿದ ಗೂಡನ್ನು ಹಾಗೇ ಕಿತ್ತರೆ ಧೂಳು ಏಳುತ್ತದೆ. ಮೊದಲು ಸ್ವಲ್ಪ ನೀರು ಚಿಮುಕಿಸಿ, ಆಮೇಲೆ ಒಂದೇ ಇಡಿಯಾಗಿ ಎತ್ತಿ.

ಎತ್ತಿದ ಗೂಡನ್ನು ಎಸೆಯುವ ಮುಂಚೆ ಒಂದು ನಿಮಿಷ ನೋಡಿ. ಮಕ್ಕಳಿದ್ದರೆ ದೂರದಿಂದಲೇ ತೋರಿಸಿ. ಮಡಿವಾಳದ ಗೂಡು ದೊಡ್ಡ ಅಚ್ಚುಕಟ್ಟಿನದಲ್ಲ. ಕೆಳಗೆ ಒರಟು ಬೇರು, ಕಡ್ಡಿ, ಒಣ ಎಲೆ. ಮೇಲೆ ಸಣ್ಣ ಬೇರಿನ ಎಳೆ, ಹುಲ್ಲು, ನಾರು, ಒಂದಿಷ್ಟು ಕೂದಲು ಸೇರಿಸಿದ ತೆಳು ಬಟ್ಟಲು. ಬಟ್ಟಲಿನ ತಳದಲ್ಲಿ ಬೂದಿಯಂಥ ಬಿಳೀ ಪುಡಿ ಕಾಣುತ್ತದೆ. ಮರಿಗಳಿಗೆ ಗರಿ ಮೂಡುವಾಗ ಅದರ ಸುತ್ತ ಇರುವ ತೆಳು ಕವಚ ಉದುರಿ ಆದ ಪುಡಿ ಅದು. ಅದು ದಪ್ಪಗಿದ್ದರೆ ಮರಿಗಳಿಗೆ ಒಳಗೇ ಗರಿ ಬಲಿತಿತ್ತು ಅಂತ ತಿಳಿಯಬಹುದು. ಮೆತ್ತನೆ ಹಸಿರು ಪಾಚಿ ಹಾಸಿ, ಮೇಲೆ ಕೂದಲು, ಉಣ್ಣೆ ಒತ್ತಿದ ಗೂಡು ಸಿಕ್ಕಿದರೆ ಅದು ಚೇಕಡಿಯದು. ಹಾವಿನ ಪೊರೆ, ಪ್ಲಾಸ್ಟಿಕ್ ಚೂರು, ಚಾಕಲೇಟಿನ ಕಾಗದ ಎಲ್ಲ ಇದ್ದರೆ ಗೊರವಂಕ. ಹುಲ್ಲು, ಗರಿ, ದಾರ ಹೇಗೆಂದರೆ ಹಾಗೆ ತುಂಬಿದ್ದರೆ ಗುಬ್ಬಚ್ಚಿ. ಯಾವ ಹಕ್ಕಿ ಬಂದಿತ್ತು ಅಂತ ಗೊತ್ತಾದರೆ ಮುಂದಿನ ವರ್ಷ ಬಾಗಿಲಿನ ಅಳತೆ ಸರಿಮಾಡಲು ಅನುಕೂಲ. ಚೇಕಡಿಗೆ 28 ಮಿಲಿಮೀಟರ್ ಸಾಕು, ಗುಬ್ಬಚ್ಚಿಗೆ 32, ಮಡಿವಾಳಕ್ಕೆ 50ಕ್ಕೆ ಕಡಿಮೆ ಬೇಡ.

ಕಿತ್ತ ಗೂಡನ್ನು ಕೋಳಿ ಗೂಡಿನಿಂದ ದೂರ, ಕಾಫಿ ಗಿಡದ ಬುಡದಲ್ಲಿ ಗುಂಡಿ ತೋಡಿ ಮುಚ್ಚಿ. ಒಲೆಗೆ ಹಾಕಬೇಡಿ, ಹೊಗೆಯಲ್ಲಿ ಬೂಷ್ಟು ಮನೆಯೆಲ್ಲ ಹರಡುವುದು ಬೇಡ. ಪೆಟ್ಟಿಗೆಯ ಮೂಲೆಗಳನ್ನು ಹಳೇ ಚಾಕುವಿನಿಂದ ಹೆರೆಯಿರಿ. ಮೂಲೆಯ ಬಿರುಕಿನಲ್ಲಿ ಕೆಂಪು ಕಪ್ಪು ಚುಕ್ಕಿಗಳು ನಿಧಾನಕ್ಕೆ ಸರಿಯುತ್ತಿದ್ದರೆ ಅವೇ ಉಣ್ಣಿಗಳು. ನಿಮ್ಮ ಕೋಳಿ ಗೂಡಿನಲ್ಲಿ ನೋಡಿರುತ್ತೀರಿ. ಕೆಲವು ಜಾತಿಯವು ಹೊಟ್ಟೆಗೆ ಏನೂ ಇಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ಅದಕ್ಕೇ ಸುಮ್ನೆ ಗುಡಿಸಿದರೆ ಸಾಲದು, ಕುದಿಯುವ ನೀರು ಬೇಕು. ಹಂಡೆಯ ಬಿಸಿನೀರು ಸ್ನಾನಕ್ಕೆ ಸರಿ, ಇದಕ್ಕೆ ಒಲೆಯ ಮೇಲೆ ಕೊತಕೊತ ಕುದಿಸಿದ ನೀರನ್ನೇ ಒಳಗೆ, ಮೂಲೆಗಳಿಗೆ, ಮುಚ್ಚಳದ ಸಂದಿಗೆ ಹೊಯ್ಯಿರಿ. ಐದಾರು ನಿಮಿಷ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ಒಂದು ಸಲ ಕುದಿಯುವ ನೀರು ಹಾಕಿ. ತಳದ ತೂತುಗಳಿಗೆ ತಂತಿ ತೂರಿಸಿ ಬಿಡಿಸಿಕೊಳ್ಳಿ. ಒಳಗೆ ಮರಿ ಸತ್ತಿದ್ದರೆ ಮಾತ್ರ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಉಜ್ಜಿ, ವಾಸನೆ ಪೂರ್ತಿ ಹೋಗುವ ತನಕ ತೊಳೆಯಿರಿ. ಮನೆ ಸುತ್ತ ಒಟ್ಟೊಟ್ಟಿಗೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಏನನ್ನೂ ಮುಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಆಮೇಲೆ ಮುಚ್ಚಳ ತೆರೆದಿಟ್ಟು ಕಣದಲ್ಲಿ ಬಿಸಿಲಿಗೆ ಇಡಿ. ಮಧ್ಯಾಹ್ನ ಮೋಡ ಕಟ್ಟಿದರೆ ಒಳಗೆ ತನ್ನಿ. ಮೂರು ನಾಲ್ಕು ಒಳ್ಳೆ ಬಿಸಿಲು ಸಿಕ್ಕಿದರೆ ಸಾಕು. ಕೈಯಿಟ್ಟಾಗ ಹಲಗೆ ತಣ್ಣಗೆ ಅನ್ನಿಸಬಾರದು, ಮೂಗಿಟ್ಟರೆ ಮುಗ್ಗಲು ವಾಸನೆ ಬರಬಾರದು.

ಔಷಧಿ ಬಗ್ಗೆ ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ತೋಟದ ಮನೆ ಅಂದ ಮೇಲೆ ಗೋಡೌನಿನಲ್ಲಿ ಏನಾದರೊಂದು ಡಬ್ಬ ಇದ್ದೇ ಇರುತ್ತದೆ. ಅದರಲ್ಲಿ ಯಾವುದೂ ಪೆಟ್ಟಿಗೆಯ ಒಳಗೆ ಹೋಗಬಾರದು. ಕಾಫಿ ಗಿಡದ ಕಾಂಡಕೊರಕ ಹುಳುವಿಗೆ ಅಂತ ಬಳಿಯುವ ಕ್ಲೋರೋಪೈರಿಫಾಸ್ ಬೇಡವೇ ಬೇಡ. ಮೊಟ್ಟೆಯಿಂದ ಬಂದ ಮರಿಯ ಮೈಮೇಲೆ ಗರಿ ಇರುವುದಿಲ್ಲ, ಹಸಿ ಚರ್ಮ. ಎರಡು ವಾರ ಅದು ಹಲಗೆಗೆ ಒರಗಿಕೊಂಡೇ ಬೆಳೆಯುತ್ತದೆ. ಹಳೆಯವರ ಮನೆಗಳಲ್ಲಿ ಇನ್ನೂ ಗ್ಯಾಮಾಕ್ಸಿನ್ ಅನ್ನುವ ಹಳೇ ಕೀಟನಾಶಕದ ಪುಡಿ ಉಳಿದಿರುವುದುಂಟು. ಆ ಜಾತಿಯ ಲಿಂಡೇನ್ ಬಳಕೆಯನ್ನು ಭಾರತದಲ್ಲಿ 2013ರಲ್ಲೇ ನಿಲ್ಲಿಸಲಾಗಿದೆ. ಅದನ್ನು ಮುಟ್ಟಲೂ ಬೇಡಿ. ಬೂಷ್ಟು ಬಾರದಿರಲಿ ಅಂತ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಹೊಡೆಯುವ ಯೋಚನೆಯೂ ಬೇಡ, ಮೈಲುತುತ್ತ ಮೆಣಸಿನ ಬಳ್ಳಿಗೆ ಸರಿ. ಫಿನಾಯಿಲ್, ಸೀಮೆಎಣ್ಣೆ, ಒಳಭಾಗಕ್ಕೆ ಪೇಂಟ್, ವಾರ್ನಿಷ್ ಇವೂ ಬೇಡ. ಹಲಗೆಗೆ ಎಣ್ಣೆ ಹಚ್ಚಲೇಬೇಕಾದರೆ ಹೊರಗೆ ಮಾತ್ರ, ಅದೂ ಈಗಲೇ ಹಚ್ಚಿದರೆ ಜನವರಿಯ ಹೊತ್ತಿಗೆ ವಾಸನೆ ಹೋಗಿರುತ್ತದೆ.

ಮನುಷ್ಯರ ಕೈವಾಸನೆ ಹತ್ತಿದರೆ ಹಕ್ಕಿ ಮತ್ತೆ ಬರುವುದಿಲ್ಲ ಅಂತ ಕೆಲವರು ಹೆದರಿಸುತ್ತಾರೆ. ಆ ಭಯ ಬೇಡ. ಹಕ್ಕಿ ಗೂಡು ಬಿಡುವುದು ಮೊಟ್ಟೆ ಮರಿ ಇರುವಾಗ ಮತ್ತೆ ಮತ್ತೆ ಹೋಗಿ ಇಣುಕಿದರೆ. ಖಾಲಿ ಪೆಟ್ಟಿಗೆ ತೊಳೆದದ್ದಕ್ಕೆ ಅದು ದೂರ ಹೋಗುವುದಿಲ್ಲ.

ಒಣಗಿದ ಪೆಟ್ಟಿಗೆಯನ್ನು ನವೆಂಬರ್ ಒಳಗೆ ವಾಪಸ್ ಕಟ್ಟಿಬಿಡಿ. ಮರಿ ಮಾಡುವ ಕಾಲ ಬರುವುದಕ್ಕೆ ಇನ್ನೂ ಟೈಮ್ ಇದೆ ನಿಜ. ಆದರೆ ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ ಚೇಕಡಿಯಂಥ ಸಣ್ಣ ಹಕ್ಕಿ ಮಲಗಲು ಬರಬಹುದು. ಬಾಗಿಲು ಪಡುವಣ ನೈರುತ್ಯಕ್ಕೆ ಇದ್ದರೆ ಈ ಸಲ ಮೂಡಣಕ್ಕೆ ತಿರುಗಿಸಿ, ಮುಂಗಾರಿನ ಇರಚಲು ನೇರ ಒಳಗೆ ಹೊಡೆಯುವುದಿಲ್ಲ. ಆ ಹಲಸಿನ ಕೊಂಬೆ ಮರ ಕಪಾತಿಗೆ (ನೆರಳು ಕಮ್ಮಿ ಮಾಡಲು ಕೊಂಬೆ ಕಡಿಯುವುದಕ್ಕೆ) ಹೋಗುವಂಥದ್ದಾದರೆ ಬೊಡ್ಡೆಗೇ ಕಟ್ಟಿ, ಕೊಂಬೆಗೆ ಬೇಡ. ಒಳಗೆ ಹುಲ್ಲು, ಹತ್ತಿ ಏನೂ ತುಂಬಬೇಡಿ. ಮಡಿವಾಳ, ಗುಬ್ಬಚ್ಚಿ ತಮಗೆ ಬೇಕಾದ್ದನ್ನು ತಾವೇ ತರುತ್ತವೆ. ಹಾಲಕ್ಕಿ ಅನ್ನುವ ಸಣ್ಣ ಗೂಬೆಗೆ ಅಂತ ದೊಡ್ಡ ಪೆಟ್ಟಿಗೆ ಇಟ್ಟವರು ಮಾತ್ರ, ಬಡಗಿ ಹತ್ತರಿ ಹೊಡೆದಾಗ ಬೀಳುವ ಮರದ ಸುರುಳಿಯನ್ನು ಎರಡು ಬೆರಳಿನಷ್ಟು ಹಾಸಲಿ, ಅದು ಗೂಡಿಗೆ ಅಂತ ಜಾಸ್ತಿ ಏನೂ ತರುವುದಿಲ್ಲ. ಕಾಫಿ ಸಿಪ್ಪೆ, ಭತ್ತದ ಹೊಟ್ಟು ಬೇಡ, ಬೇಗ ಬೂಷ್ಟು ಹಿಡಿಯುತ್ತವೆ.

ಸೂರಿನ ಕೆಳಗಿನ ಗುಬ್ಬಚ್ಚಿ ಪೆಟ್ಟಿಗೆಯನ್ನು ಈಗ ಮುಟ್ಟಬೇಡಿ. ಓಡಾಟ ಪೂರ್ತಿ ನಿಂತು ಎರಡು ವಾರ ಕಳೆಯಲಿ. ಅದು ಡಿಸೆಂಬರ್ ಆದರೂ ಚಿಂತೆಯಿಲ್ಲ. ನಿಲ್ಲಲೇ ಇಲ್ಲ ಅಂದರೆ ಈ ವರ್ಷ ಬಿಟ್ಟುಬಿಡಿ, ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಕಟ್ಟಿ. ಸೂರಿನ ಕೆಳಗೆ ನೀರು ಬೀಳುವುದಿಲ್ಲವಾದ್ದರಿಂದ ಅಲ್ಲಿ ಬೂಷ್ಟಿನ ಕಾಟವೂ ಕಮ್ಮಿ.

ಮುಂದಿನ ವರ್ಷಕ್ಕೆ ಒಂದು ಮಾತು. ಮೇ ಕೊನೆಗೆ ಮರಿ ಹಾರಿ ಪೆಟ್ಟಿಗೆ ಖಾಲಿಯಾಗಿದ್ದು, ಜೋಡಿ ಹಕ್ಕಿ ಮತ್ತೆ ಕಡ್ಡಿ ತರುತ್ತಿಲ್ಲ ಅಂತ ಕಂಡರೆ, ಮಳೆ ಹಿಡಿಯುವ ಮುಂಚಿನ ಆ ಒಂದೆರಡು ವಾರದಲ್ಲೇ ಹಳೇ ಗೂಡನ್ನು ತೆಗೆದುಬಿಡಿ. ಆಗ ತೊಳೆಯುವುದು ಬೇಡ, ಒಣಗಿದ್ದನ್ನು ಕಿತ್ತು ಹೆರೆದರೆ ಸಾಕು. ಖಾಲಿ ಪೆಟ್ಟಿಗೆ ನಾಲ್ಕು ತಿಂಗಳು ನೆನೆದರೂ ನೀರು ಬಸಿದುಹೋಗುತ್ತದೆ. ಸ್ವಲ್ಪ ಅನುಮಾನ ಇದ್ದರೂ ಕೈ ಹಾಕಬೇಡಿ, ಸೆಪ್ಟೆಂಬರ್ ತನಕ ಕಾಯಿರಿ. ಬೂಷ್ಟನ್ನು ಆಮೇಲೂ ತೊಳೆಯಬಹುದು.

ಇನ್ನು ಜೇನಿನ ಪೆಟ್ಟಿಗೆ. ನನ್ನನ್ನು ಕೇಳಿದರೆ ಅದನ್ನು ಹಾಗೇ ಬಿಡಿ ಅಂತೀನಿ. 1990ರ ದಶಕದ ಮೊದಲಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಭಾರೀ ಪ್ರಮಾಣದಲ್ಲಿ ಸತ್ತವು. ಆಗಿನ ಕಾಲದ ಜೇನು ಕೃಷಿಕರನ್ನು ಕೇಳಿ ನೋಡಿ. ತಾನಾಗಿ ಬಂದು ಕೂತು, ಒಂದು ಮಳೆಗಾಲ ದಾಟಿದ ಕುಟುಂಬ ನಿಮ್ಮ ತೋಟದ ಆಸ್ತಿ. ನಿಮ್ಮ ಕಡೆ ಅರೇಬಿಕಾ ಜಾಸ್ತಿ, ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಜೊತೆಗೆ ರೊಬಸ್ಟಾ ಇದ್ದರೆ ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಹೂ ಇರುವ ಆ ಕೆಲವೇ ದಿನ ಜೇನು ಓಡಾಡಿದಷ್ಟೂ ಒಳ್ಳೆಯದು. ಆ ಪೆಟ್ಟಿಗೆ ಮಕ್ಕಳು ಆಡುವ ಅಂಗಳಕ್ಕೆ ತೀರಾ ಹತ್ತಿರ ಇದ್ದರೆ ಮಾತ್ರ, ಜೇನು ಸಾಕುವವರನ್ನು ಸಂಜೆ ಹೊತ್ತಿಗೆ ಕರೆಸಿ ಕುಟುಂಬವನ್ನು ಅವರ ಪೆಟ್ಟಿಗೆಗೆ ವರ್ಗ ಮಾಡಿಸಿ. ನೀವೇ ಹೊಗೆ ಹಾಕಿ ಓಡಿಸಬೇಡಿ. ಜೇನು ಹೋದ ಮೇಲೆ ಎರಿಯ ಮೇಣವನ್ನು ಪೂರ್ತಿ ಹೆರೆದು ತೆಗೆಯಿರಿ, ಇಲ್ಲದಿದ್ದರೆ ಮೇಣದ ಹುಳು ಹತ್ತುತ್ತದೆ, ಇರುವೆ ಸಾಲು ಕಟ್ಟುತ್ತದೆ. ಆಮೇಲೆ ಹಲಸಿನ ಮರದ ಪೆಟ್ಟಿಗೆಗೆ ಮಾಡಿದ ಹಾಗೇ ಕುದಿಯುವ ನೀರು, ಬಿಸಿಲು. ಹಕ್ಕಿಗೆ ಬೇರೆ ಪೆಟ್ಟಿಗೆ ಮಾಡಿಸುವುದಾದರೆ ಪ್ಲೈವುಡ್ ಬೇಡ, ನಮ್ಮ ಮಳೆಗೆ ಪದರ ಬಿಡುತ್ತದೆ. ಹಲಸಿನ ಹಲಗೆ ಸಿಕ್ಕಿದರೆ ಅದರಲ್ಲೇ ಮಾಡಿಸಿ. ಮೊಳೆಯ ಬದಲು ಸ್ಕ್ರೂ ಹಾಕಿಸಿ, ಒಂದು ಪಕ್ಕದ ಹಲಗೆಗೆ ತಿರುಗಣೆ ಇಡಿಸಿ. ಮುಂದಿನ ಸಲ ತೊಳೆಯುವಾಗ ಪೆಟ್ಟಿಗೆ ಒಡೆಯದೆ ತೆರೆಯಬಹುದು.